ಮೇಜಿಗೊಂದು ಸ್ವಿಚ್ ಪ್ಯಾನೆಲ್: ಸರ್ಕ್ಯೂಟ್ ಕಟ್ಟುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಬಹಿರಂಗ ಪತ್ರ



ನಿಮ್ಮ ಮನೆಯಲ್ಲಿ ಹೈಸ್ಕೂಲಿಗೋ ಪಿಯುಸಿಗೋ ಹೋಗುವ ಮಗನೋ ಮಗಳೋ ಇದ್ದು, ಕೆಟ್ಟ ರೇಡಿಯೊ ಬಿಚ್ಚುವುದು, ಎಲ್‌ಇಡಿ ಮಿನುಗಿಸುವುದು, ಆರ್ಡುಯಿನೊ ಬೋರ್ಡಿಗೆ ತಂತಿ ಸಿಕ್ಕಿಸುವುದು, ಇಂಥ ಹುಚ್ಚು ಹತ್ತಿದ್ದರೆ ಈ ಪತ್ರ ನಿಮಗೆ. ಆ ಹುಚ್ಚಿಗೆ ಮನೆಯಲ್ಲಿ ಒಂದು ಮೇಜು ಕೊಡಿ, ಆ ಮೇಜಿನ ಮೈಯಲ್ಲೇ ಕೂರಿಸಿದ ಒಂದು ಸ್ವಿಚ್ ಪ್ಯಾನೆಲ್ ಮಾಡಿಸಿಕೊಡಿ ಎಂದು ಕೇಳಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಇಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡು ನಿವೃತ್ತಳಾದವಳು. ಈಗಲೂ ಬೀದಿಯ ಮಕ್ಕಳು, ನೆಂಟರ ಮಕ್ಕಳು "ಮೇಡಂ, ಇದು ಯಾಕೆ ಕೆಲಸ ಮಾಡ್ತಿಲ್ಲ, ಸ್ವಲ್ಪ ಬಂದು ನೋಡಿ" ಎಂದು ಕರೆಯುತ್ತಾರೆ. ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬುದನ್ನು. ಸರ್ಕ್ಯೂಟಿನ ಮಾತು ಆಮೇಲೆ. ಬಹಳಷ್ಟು ಮನೆಗಳಲ್ಲಿ ಕಾಣುವುದು ಒಂದೇ ನೋಟ. ಮಂಚದ ಕೆಳಗೆ ಎಕ್ಸ್‌ಟೆನ್ಶನ್ ಬಾಕ್ಸ್. ಅದರ ಒಂದು ಸಾಕೆಟ್ಟಿನಲ್ಲಿ ಮೊಬೈಲ್ ಚಾರ್ಜರ್, ಇನ್ನೊಂದರಲ್ಲಿ ಸೋಲ್ಡರಿಂಗ್ ಐರನ್, ಮೂರನೆಯದರಲ್ಲಿ ಪ್ಲಗ್ಗೇ ಇಲ್ಲದ ಎರಡು ತಂತಿ ತುದಿಗಳು, ಜಾರದಿರಲೆಂದು ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸಿದ್ದು. ಬಾಕ್ಸಿನ ಸ್ವಿಚ್ ಆರಿಸಬೇಕಾದರೆ ಮಗು ಕುರ್ಚಿಯಿಂದಿಳಿದು, ಕಾದ ಐರನ್ನಿನ ವೈರ್ ದಾಟಿ, ಮಂಚದಡಿ ಕೈ ಹಾಕಬೇಕು. ಏನಾದರೂ ಹೊಗೆಯಾಡಿದ ಗಳಿಗೆಯಲ್ಲಿ ಯಾವ ಮಗುವೂ ಇಷ್ಟೆಲ್ಲ ಮಾಡುವುದಿಲ್ಲ. ಗಾಬರಿಯಾಗಿ ತಂತಿಯನ್ನೇ ಹಿಡಿದು ಎಳೆಯುತ್ತದೆ.

ಇದನ್ನು ಕಂಡ ಅಪ್ಪ ಅಮ್ಮಂದಿರು ಎರಡರಲ್ಲೊಂದು ಮಾಡುತ್ತಾರೆ. "ಕರೆಂಟಿನ ಸಹವಾಸ ಬೇಡ" ಎಂದು ಎಲ್ಲವನ್ನೂ ಅಟ್ಟಕ್ಕೆ ಹಾಕುತ್ತಾರೆ, ಇಲ್ಲವೇ "ಅವನಿಗೆಲ್ಲ ಗೊತ್ತು ಬಿಡಿ, ನಮಗಿಂತ ಜಾಣ" ಎಂದು ಕೈಬಿಡುತ್ತಾರೆ. ಅಟ್ಟಕ್ಕೆ ಹಾಕಿದರೆ ಮಗು ಗೆಳೆಯನ ಮನೆಯ ಮಂಚದ ಕೆಳಗೆ ಅದೇ ಕೆಲಸ ಮುಂದುವರಿಸುತ್ತದೆ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಲ್ಲ ಎನ್ನುತ್ತೀರಿ. ಇರುವ ಶಾಲೆಗಳಲ್ಲಿ ಇದೆ, 2016ರಿಂದ ಬಂದ ಆ ಯೋಜನೆ ಆರನೆಯ ತರಗತಿಯಿಂದ ಹನ್ನೆರಡರವರೆಗಿನವರಿಗೆ. ಆದರೆ ಸಂಜೆಯ ಗಂಟೆ ಹೊಡೆದ ಮೇಲೆ ಲ್ಯಾಬಿಗೂ ಬೀಗ ಬೀಳುತ್ತದೆ, ಮಗುವಿನ ತಲೆಯಲ್ಲಿ ಓಡುತ್ತಿರುವುದಕ್ಕೆ ಬೀಗ ಬೀಳುವುದಿಲ್ಲ.

ಒಂದು ಲೆಕ್ಕ ನಿಮ್ಮ ಮುಂದಿಡುತ್ತೇನೆ, ದಯವಿಟ್ಟು ಗಮನ ಕೊಟ್ಟು ಓದಿ. ನಮ್ಮ ಮನೆಗೆ ಬರುವುದು 230 ವೋಲ್ಟ್. ಸುಮಾರು 10 ಮಿಲಿಆಂಪಿಯರ್ ಮೈಯಲ್ಲಿ ಹರಿದರೆ ಹಿಡಿದ ತಂತಿಯನ್ನು ಬಿಡಲು ಕೈಗೆ ಆಗದಿರಬಹುದು. 30 ಮಿಲಿಆಂಪಿಯರ್ ಮೀರಿ ಕೊಂಚ ಹೊತ್ತು ಹರಿದರೆ ಉಸಿರಿಗೆ, ಹೃದಯಕ್ಕೆ ಅಪಾಯ. ಮೀಟರ್ ಬೋರ್ಡಿನ ಪಕ್ಕದಲ್ಲಿರುವ 6 ಆಂಪಿಯರ್‌ನ ಎಂಸಿಬಿ ಇದನ್ನು ತಡೆಯುತ್ತದೆ ಎಂದು ನೀವು ನಂಬಿರಬಹುದು. 6 ಆಂಪಿಯರ್ ಎಂದರೆ 6,000 ಮಿಲಿಆಂಪಿಯರ್. ಮನುಷ್ಯನಿಗೆ ಪ್ರಾಣಾಪಾಯವಾಗುವಷ್ಟು ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಸುಡದಿರಲೆಂದು. ಮನುಷ್ಯರನ್ನು ಕಾಯುವುದಕ್ಕೆ ಇರುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಎಂದು ಬರೆದಿರುವ ಆರ್‌ಸಿಸಿಬಿ, ಅಷ್ಟು ಸೋರಿದರೆ ಸೆಕೆಂಡಿನ ಸಣ್ಣ ಪಾಲಿನಲ್ಲೇ ಟ್ರಿಪ್ ಆಗುತ್ತದೆ. ಅದಕ್ಕೂ ಒಂದು ಮಿತಿ ಇದೆ: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ, ಸೋರಿಕೆಯೇ ಇಲ್ಲದ್ದರಿಂದ ಅದಕ್ಕೆ ಗೊತ್ತಾಗದು. ಆದ್ದರಿಂದಲೇ ಮಗುವಿನ ಕೈ 230 ವೋಲ್ಟಿನ ತಂತಿಯವರೆಗೆ ಹೋಗುವ ಸಂದರ್ಭವೇ ಬಾರದಂತೆ ಮೇಜನ್ನು ಕಟ್ಟಬೇಕು.

ಇಲ್ಲಿಂದ ಕೆಲಸ ಎರಡು ಪಾಲಾಗುತ್ತದೆ. 230 ವೋಲ್ಟಿನ ಭಾಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನದು. 12 ವೋಲ್ಟ್ ಮತ್ತು ಅದಕ್ಕಿಂತ ಕೆಳಗಿನದೆಲ್ಲ ನಿಮ್ಮ ಮಗುವಿನದು. ಈ ಗೆರೆ ಒಂದಿದ್ದರೆ ನಿಮಗೂ ನಿದ್ದೆ ಬರುತ್ತದೆ, ಮಗುವಿಗೂ ಇದು ತನ್ನ ಕೈಕೆಲಸ ಎನ್ನಿಸುತ್ತದೆ.

ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಅರ್ಥ್ ನೋಡಿಸಿ, ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಹಳೆಯ ಮನೆಗಳಲ್ಲಿ ತ್ರೀ ಪಿನ್ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಅರ್ಥ್ ಸರಿಯಿದ್ದರೆ ಐರನ್ನಿನ ಲೋಹಕ್ಕೆ ಫೇಸ್ ತಗುಲಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುವುದು. ಈ ವ್ಯತ್ಯಾಸಕ್ಕೆ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ. ಮೇಜಿಗೆ ಹೋಗುವ ವೈರ್ ಮೂರೆಳೆಯದ್ದಾಗಿರಲಿ, ತುದಿಗೆ ಪ್ಲಗ್ ಇರಲಿ, ನೇರ ಗೋಡೆಗೆ ಸೇರಿಸುವುದು ಬೇಡ. ಪ್ಯಾನೆಲಿನ ಹಿಂಬದಿ ಬಿಚ್ಚುವಾಗ ಪ್ಲಗ್ ಕಿತ್ತು ಮೇಜಿನ ಮೇಲೆ ಕಣ್ಣೆದುರು ಇಟ್ಟುಕೊಳ್ಳಬೇಕು. ಅದಕ್ಕಿಂತ ನಂಬಿಕಸ್ತ ಸ್ವಿಚ್ ಇನ್ನೊಂದಿಲ್ಲ.

ಇನ್ನು ಮುಖ್ಯವಾದ ಸಂಗತಿ. ನಮ್ಮ ಊರುಗಳಲ್ಲಿ ಕರೆಂಟು ಹೋಗುತ್ತದೆ, ತನಗಿಷ್ಟ ಬಂದಾಗ ಬರುತ್ತದೆ. ಮಗು ಐರನ್ ಹಾಕಿಕೊಂಡು ಬೆಸುಗೆ ಮಾಡುತ್ತಿರುವಾಗ ಕರೆಂಟು ಹೋಯಿತೆನ್ನಿ. ಐದು ನಿಮಿಷ ಕಾದು, ಬೇಜಾರಾಗಿ ಆಟಕ್ಕೆ ಓಡುತ್ತದೆ. ಸ್ವಿಚ್ ಆರಿಸಿರುವುದಿಲ್ಲ, ಕತ್ತಲಾದ ಮನೆಯಲ್ಲಿ ಅದು ಆನ್ ಆಗಿದೆಯೆಂದು ನೆನಪಿಡುವವರು ಯಾರು? ಕರೆಂಟು ವಾಪಸು ಬಂದಾಗ ಯಾರೂ ಇಲ್ಲದ ಕೋಣೆಯಲ್ಲಿ ಐರನ್ ಮುನ್ನೂರು ಡಿಗ್ರಿ ದಾಟಿ ಕಾಯುತ್ತ ಕೂರುತ್ತದೆ. ನಾನು ಹೋದ ಒಂದು ಮನೆಯಲ್ಲಿ ಮೇಜಿನ ಸನ್‌ಮೈಕಾ ಕಪ್ಪಗೆ ಉಬ್ಬಿ, ಐರನ್ನಿನ ಆಕಾರದಲ್ಲೇ ಕುಳಿ ಬಿದ್ದಿತ್ತು. ಪಕ್ಕದಲ್ಲೇ ನೋಟ್‌ಬುಕ್ಕುಗಳ ರಾಶಿ. ಅಷ್ಟಕ್ಕೇ ಮುಗಿದದ್ದು ಅವರ ಪುಣ್ಯ.

ಇದಕ್ಕೆ ಉಪಾಯ ಹಳ್ಳಿಯಿಂದ ಬಂದ ಎಲ್ಲರಿಗೂ ಗೊತ್ತು: ಪಂಪ್‌ಸೆಟ್ಟಿನ ಸ್ಟಾರ್ಟರ್. ಹಸಿರು ಬಟನ್ ಒತ್ತಿದರೆ ಒಳಗಿನ ಕಾಂಟ್ಯಾಕ್ಟರ್ ಟಕ್ ಎಂದು ಎಳೆದುಕೊಳ್ಳುತ್ತದೆ, ಕೈ ತೆಗೆದರೂ ಹಿಡಿದುಕೊಂಡೇ ಇರುತ್ತದೆ. ಏಕೆಂದರೆ ಎಳೆದುಕೊಂಡ ಕಾಂಟ್ಯಾಕ್ಟರೇ ತನ್ನ ಕಾಯಿಲ್‌ಗೆ ಇನ್ನೊಂದು ದಾರಿಯಿಂದ ಕರೆಂಟು ಕೊಟ್ಟುಕೊಳ್ಳುತ್ತದೆ. ಕರೆಂಟು ಹೋದರೆ ಕಾಯಿಲ್ ಬಿಡುತ್ತದೆ, ಆ ದಾರಿ ಕಡಿಯುತ್ತದೆ. ಮತ್ತೆ ಕರೆಂಟು ಬಂದರೂ ಯಾರಾದರೂ ಹೋಗಿ ಹಸಿರು ಒತ್ತುವವರೆಗೆ ಮೋಟಾರ್ ತಿರುಗುವುದಿಲ್ಲ. ನಡುರಾತ್ರಿ ತ್ರೀ ಫೇಸ್ ಬಂದಾಗ ಎದ್ದು ತೋಟಕ್ಕೆ ಹೋಗುವ ಕಷ್ಟ ತಪ್ಪಿಸಿಕೊಳ್ಳಲು ನಮ್ಮ ರೈತರು ಇದಕ್ಕೆ ಆಟೊ ಸ್ಟಾರ್ಟರ್ ಹಾಕಿಕೊಂಡರು. ತೋಟದಲ್ಲಿ ತೊಡಕಾದ ಅದೇ ಗುಣ ಮಗುವಿನ ಮೇಜಿನಲ್ಲಿ ವರ. ಇಲ್ಲಿ ಆಟೊ ಬೇಡವೇ ಬೇಡ.

ಮೇಜಿಗೆ ಬೇಕಾದದ್ದು ಇದರ ಪುಟ್ಟ ರೂಪ. 230 ವೋಲ್ಟ್ ಕಾಯಿಲ್ ಇರುವ ಒಂದು ಸಣ್ಣ ಕಾಂಟ್ಯಾಕ್ಟರ್ (ತ್ರೀ ಫೇಸ್ ಸ್ಟಾರ್ಟರಿನದು ಸಾಮಾನ್ಯವಾಗಿ 415 ವೋಲ್ಟಿನದು, ಗುಜರಿಯಲ್ಲಿ ಸಿಕ್ಕಿತೆಂದು ಅದನ್ನು ತರಬೇಡಿ), ಒಂದು ಹಸಿರು ಪುಶ್ ಬಟನ್, ಒಂದು ಕೆಂಪು ಮಶ್ರೂಮ್ ಬಟನ್. ಕಾರ್ಖಾನೆಯ ಮೆಷಿನ್ನುಗಳ ಮೇಲೆ ಹಳದಿ ಹಿನ್ನೆಲೆಯಲ್ಲಿ ದಪ್ಪ ತಲೆಯ ಕೆಂಪು ಬಟನ್ ಇರುತ್ತದಲ್ಲ, ಅದೇ. ಅದಕ್ಕೆ 22 ಮಿಲಿಮೀಟರ್ ತೂತು ಬೇಕು. ಅದರೊಳಗಿನ ಕಾಂಟ್ಯಾಕ್ಟ್ ಒತ್ತದಿರುವಾಗ ಕೂಡಿರುವ ಜಾತಿಯದ್ದಾಗಿರಲಿ. ಆಗ ಒತ್ತಿದರೂ ಕರೆಂಟು ಕಡಿಯುತ್ತದೆ, ಅದರ ತಂತಿ ಎಂದಾದರೂ ಕಳಚಿದರೂ ಕಡಿಯುತ್ತದೆ. ಕಾಂಟ್ಯಾಕ್ಟರ್ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂತೆ ಎಲೆಕ್ಟ್ರಿಷಿಯನ್ನಿಗೆ ಹೇಳಿ. ನಮ್ಮ ಸಾಕೆಟ್ಟುಗಳಲ್ಲಿ ಫೇಸ್ ಯಾವ ಕಡೆಗಿದೆಯೆಂದು ಟೆಸ್ಟರ್ ಹಚ್ಚಿ ನೋಡದೆ ನಂಬುವಂತಿಲ್ಲ.

ಇಷ್ಟು ಮುಗಿಸಿ ಎಲೆಕ್ಟ್ರಿಷಿಯನ್ ಹಿಂಬದಿ ಮುಚ್ಚಳ ಹಾಕಿ ಸ್ಕ್ರೂ ಬಿಗಿದು ಹೋಗಲಿ. ಉಳಿದದ್ದು ಮಗುವಿನ ರಾಜ್ಯ, ಅಲ್ಲಿ ನಿಮ್ಮ ಕೆಲಸ ಡ್ರಿಲ್ ಹಿಡಿದುಕೊಂಡು ನಿಲ್ಲುವುದು.

ಮೇಜಿನ ಮುಂದಂಚಿಗೆ ಒಂದೂವರೆ ಅಡಿ ಉದ್ದದ ಹೈಲಮ್ ಶೀಟ್ ಸಾಕು, ಇಲ್ಲವೇ ಅಲ್ಯೂಮಿನಿಯಂ. ಲೋಹವಾದರೆ ಅದಕ್ಕೂ ಅರ್ಥ್ ಕೊಡಿಸಬೇಕು. ಎಲೆಕ್ಟ್ರಿಷಿಯನ್ ಬರುವ ಮುಂಚೆಯೇ ಕಾಗದದ ಮೇಲೆ ಸ್ವಿಚ್ಚುಗಳ ಜಾಗ ಬರೆಸಿ, ಆ ಕಾಗದವನ್ನು ಶೀಟಿಗೆ ಅಂಟಿಸಿ, ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ಕೆಂಪು ಬಟನ್ ಮುಟ್ಟಲು ಹೇಳಿ. ಕೈ ತಡವರಿಸಿದರೆ ಜಾಗ ಬದಲಿಸಿ. ಬಲಗೈಯವರಿಗೆ ಐರನ್ ಸ್ಟ್ಯಾಂಡ್ ಬಲಕ್ಕಿರುತ್ತದೆ, ಹಾಗಾಗಿ ಪ್ಯಾನೆಲ್ ಎಡಕ್ಕೆ. ಕಾದದ್ದನ್ನು ದಾಟಿ ಯಾವ ಸ್ವಿಚ್ಚಿಗೂ ಕೈ ಹೋಗಬಾರದು. ಕೆಂಪು ಬಟನ್ ಬಾಗಿಲ ಕಡೆಯ ತುದಿಯಲ್ಲಿದ್ದರೆ ಓಡಿಬಂದ ನಿಮ್ಮ ಕೈಗೂ ಸಿಗುತ್ತದೆ. ಸ್ವಿಚ್ಚುಗಳ ನಡುವೆ ಎರಡು ಬೆರಳು ಜಾಗ ಬಿಡಿಸಿ. ದೊಡ್ಡ ಟಾಗಲ್ ಸ್ವಿಚ್ಚಿಗೆ 12 ಮಿಲಿಮೀಟರ್ ತೂತು, ಪುಟ್ಟದಕ್ಕೆ 6. ಮೊದಲು 3 ಮಿಲಿಮೀಟರ್ ಬಿಟ್ಟಿನಲ್ಲಿ ದಾರಿ ಮಾಡಿ ಆಮೇಲೆ ದೊಡ್ಡ ಬಿಟ್ ಹಾಕಿದರೆ ಹೈಲಮ್ ಸಿಗಿಯುವುದಿಲ್ಲ.

ಟಾಗಲ್ ಸ್ವಿಚ್ಚನ್ನು ಯಾವ ದಿಕ್ಕಿಗೆ ಕೂರಿಸಬೇಕು ಎಂಬ ಸಣ್ಣ ಪ್ರಶ್ನೆ ಬರುತ್ತದೆ. ಅಮೆರಿಕದ ವಿಡಿಯೊ ನೋಡಿ ಕಲಿತ ಮಕ್ಕಳು ಮೇಲೆತ್ತಿದರೆ ಆನ್ ಎನ್ನುವಂತೆ ಹಾಕುತ್ತಾರೆ. ನಮ್ಮ ಮನೆಯ ಗೋಡೆಗಳಲ್ಲಿ ಕೆಳಕ್ಕೆ ಒತ್ತಿದರೆ ಆನ್. ಅಜ್ಜಿಯಿಂದ ಹಿಡಿದು ಪುಟ್ಟ ತಂಗಿಯವರೆಗೆ ಎಲ್ಲರ ಕೈಗೂ ಅದೇ ಅಭ್ಯಾಸ. ಮೇಜಿನಲ್ಲೂ ಕೆಳಕ್ಕೇ ಇರಲಿ.

ಕಡಿಮೆ ವೋಲ್ಟಿಗೆ ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಅದರ ಪವರ್ ಸಪ್ಲೈ ಡಬ್ಬಿ, ಬಳಸುವ ಮಕ್ಕಳು ಬಹಳ. ಒಳ್ಳೆಯದೇ. ಕಿತ್ತಳೆ ತಂತಿ 3.3 ವೋಲ್ಟ್, ಕೆಂಪು 5, ಹಳದಿ 12, ಕಪ್ಪು ಗ್ರೌಂಡ್. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಫ್ಯಾನ್ ತಿರುಗತೊಡಗುತ್ತದೆ, ಆ ಎರಡರ ನಡುವೆ ಒಂದು ಟಾಗಲ್ ಹಾಕಿದರೆ ಮಗುವಿನ ಪಾಲಿನ ಮೇನ್ ಸ್ವಿಚ್ ಆಯಿತು. ಆದರೆ ಮೂರು ವಿಷಯದಲ್ಲಿ ನೀವು ಕಟ್ಟುನಿಟ್ಟಾಗಿರಬೇಕು. ಆ ತಗಡಿನ ಡಬ್ಬಿಯನ್ನು ಬಿಚ್ಚಕೂಡದು, ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಮುನ್ನೂರು ವೋಲ್ಟಿಗೆ ಮೇಲ್ಪಟ್ಟು ಚಾರ್ಜ್ ಉಳಿದಿರಬಹುದು. ಹೊರಬರುವ ಒಂದೊಂದು ಲೈನಿಗೂ ಒಂದೆರಡು ಆಂಪಿಯರಿನ ಫ್ಯೂಸ್ ಬೇಕು. 5 ವೋಲ್ಟ್ ತಾನೇ ಎಂದು ಅಸಡ್ಡೆ ಮಾಡುವಂತಿಲ್ಲ, ಇಪ್ಪತ್ತು ಆಂಪಿಯರ್ ಕೊಡುವ ಸಪ್ಲೈ ಶಾರ್ಟ್ ಆದರೆ ತೆಳ್ಳನೆಯ ಜಂಪರ್ ವೈರ್ ಕೆಂಪಗೆ ಕಾದು ಕರಗುತ್ತದೆ. ಮೂರನೆಯದು ಬಣ್ಣದ ಗೊಂದಲ. ಈ ಸಪ್ಲೈನಲ್ಲಿ ಕೆಂಪು ಎಂದರೆ ಮುಟ್ಟಬಹುದಾದ 5 ವೋಲ್ಟ್, ಮನೆಯ ವೈರಿಂಗಿನಲ್ಲಿ ಕೆಂಪು ಎಂದರೆ ಫೇಸ್. ಎರಡು ಕೆಂಪುಗಳು ಒಂದೇ ಡಬ್ಬಿಯಲ್ಲಿ ಕೂಡಬಾರದು. ಹಾಗಾಗಿ ಎಲೆಕ್ಟ್ರಿಷಿಯನ್ನಿನ ಭಾಗಕ್ಕೂ ಮಗುವಿನ ಭಾಗಕ್ಕೂ ನಡುವೆ ಅಡ್ಡಹಲಗೆ ಹಾಕಿಸಿ. ಇನ್ನೂ ಚಿಕ್ಕ ಮಕ್ಕಳಾದರೆ ಎಸ್‌ಎಂಪಿಎಸ್ ಬೇಡ, ಒಳ್ಳೆಯ ಕಂಪನಿಯ 12 ವೋಲ್ಟ್ ಅಡಾಪ್ಟರ್ ಸಾಕು.

ಒಂದೊಂದು ಸ್ವಿಚ್ಚಿನ ಮೇಲೂ ಒಂದು ದೀಪ ಇರಲಿ. 12 ವೋಲ್ಟ್ ಲೈನಿನಲ್ಲಿ ಕೆಂಪು ಎಲ್‌ಇಡಿಗೆ ಒಂದು ಕಿಲೊಓಮ್ ರೆಸಿಸ್ಟರ್, 5 ವೋಲ್ಟಿಗೆ 330 ಓಮ್. ಏಕೆ ಅಷ್ಟೇ ಎಂದು ಮಗುವನ್ನೇ ಕೇಳಿ. ಎಲ್‌ಇಡಿ ತಾನು ಎರಡು ವೋಲ್ಟ್ ಇಟ್ಟುಕೊಂಡು ಉಳಿದ ಹತ್ತನ್ನು ರೆಸಿಸ್ಟರಿಗೆ ಬಿಡುತ್ತದೆ, ಹತ್ತು ವೋಲ್ಟನ್ನು ಸಾವಿರ ಓಮ್‌ನಿಂದ ಭಾಗಿಸಿದರೆ ಹತ್ತು ಮಿಲಿಆಂಪಿಯರ್ ಎಂದು ಅದು ನಿಮಗೆ ಪಾಠ ಹೇಳುತ್ತದೆ. ಓಮನ ನಿಯಮವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರಿಗೆ ಈ ಲೆಕ್ಕ ಬರುವುದಿಲ್ಲವೆಂದು ನಾನು ಲ್ಯಾಬಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

ನಮ್ಮ ಬೀದಿಯ ಒಬ್ಬಳು ಹುಡುಗಿ ಇಂಥದೊಂದು ಮೇಜು ಕಟ್ಟಿಕೊಂಡಿದ್ದಾಳೆ. ಸ್ವಿಚ್ಚುಗಳ ಕೆಳಗೆ ತಾನೇ ಪೇಂಟಿನಲ್ಲಿ ಬರೆದಿದ್ದಾಳೆ: ಕಾವು, ಬೆಳಕು, ಐದು, ಹನ್ನೆರಡು. ಕೆಂಪು ಬಟನ್ನಿನ ಕೆಳಗೆ "ಅಮ್ಮ" ಎಂದಿದೆ. ರಾತ್ರಿ ಗ್ಯಾಸ್ ಬಂದ್ ಮಾಡಿ ಮಲಗಲು ಹೋಗುವ ಮುಂಚೆ ಅದನ್ನು ಒತ್ತುವುದು ಅವಳಮ್ಮನ ಕೆಲಸ, ಬೆಳಿಗ್ಗೆ ತಿರುವಿ ಬಿಡಿಸಿಕೊಂಡು ಹಸಿರು ಒತ್ತುವುದು ಮಗಳ ಕೆಲಸ. ಆ ತಾಯಿ ಮೊದಲು ನನ್ನ ಹತ್ತಿರ ಬಂದು, "ಹೆಣ್ಣು ಹುಡುಗಿ, ಕೈ ಸುಟ್ಟುಕೊಂಡರೆ ಕಲೆ ಉಳಿಯುತ್ತೆ ಅಲ್ವಾ ಮೇಡಂ" ಎಂದಿದ್ದರು. ಒಲೆಯ ಮುಂದೆ ದೋಸೆ ಹಾಕಿಸುವಾಗ, ಕುಕ್ಕರ್ ಇಳಿಸುವಾಗ ಕಲೆಯ ಯೋಚನೆ ಯಾರಿಗೂ ಬರುವುದಿಲ್ಲ. ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಕಠಿಣವಾಗಿ ಹೇಳಲು ನನಗೆ ಮನಸ್ಸಿಲ್ಲ, ಆದರೆ ಹೇಳದೆ ಬಿಡಲೂ ಆಗುವುದಿಲ್ಲ.

"ನಮ್ಮ ಹುಡುಗ ಕಾಮರ್ಸ್, ಇದೆಲ್ಲ ಇಂಜಿನಿಯರಿಂಗಿನವರಿಗೆ" ಎನ್ನುವವರಿಗೂ ಒಂದು ಮಾತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಪ್ರಸಾರ ಶುರು ಮಾಡಿ, ಅದನ್ನು ಆಕಾಶವಾಣಿ ಎಂದು ಕರೆದ ಎಂ. ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನದ ಪ್ರಾಧ್ಯಾಪಕರು.

ಸಾಮಾನು ತರುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದೆ, ಉಳಿದ ಊರುಗಳಲ್ಲಿ ರೇಡಿಯೊ ಸ್ಪೇರ್ಸ್ ಅಂಗಡಿಗಳು ಇನ್ನೂ ಒಂದೆರಡು ಉಳಿದಿವೆ. ಸ್ವಿಚ್ ಕೇಳಿದ ಕೂಡಲೇ ಅಂಗಡಿಯವರು "ಎಷ್ಟು ಆಂಪ್ಸ್? ಎಸಿಗಾ ಡಿಸಿಗಾ?" ಎನ್ನುತ್ತಾರೆ. ಉತ್ತರ ಮಗುವಿನಿಂದ ಬರಲಿ. ಆ ಪ್ರಶ್ನೆಯಲ್ಲಿ ಅರ್ಥವಿದೆ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಹಾಗೆ ಆರುವುದಿಲ್ಲ. 250 ವೋಲ್ಟ್ ಎಸಿ ಎಂದು ಬರೆದಿರುವ ಸ್ವಿಚ್ ಅಷ್ಟೇ ಡಿಸಿಯನ್ನು ತಾಳುತ್ತದೆಂದು ಎಣಿಸಬಾರದು. ಐಎಸ್‌ಐ ಗುರುತು ನೋಡಿ ಕೊಳ್ಳಿ. ಜುಗ್ಗತನ ಮಾಡಲೇಬೇಕೆಂದರೆ ಎಲ್‌ಇಡಿ, ಟಾಗಲ್‌ಗಳಲ್ಲಿ ಮಾಡಿ. ಆರ್‌ಸಿಸಿಬಿ, ಕಾಂಟ್ಯಾಕ್ಟರ್, ವೈರ್ ಈ ಮೂರರಲ್ಲಿ ಬೇಡ.

ಕಡೆಯದಾಗಿ ನಿಮ್ಮಿಂದ ನನಗೆ ಬೇಕಾದ ಮಾತುಗಳು. ಮಂಚದಡಿಯ ಎಕ್ಸ್‌ಟೆನ್ಶನ್ ಬಾಕ್ಸನ್ನು ಈ ವಾರವೇ ತೆಗೆಸಿ, ಬೆಂಕಿಕಡ್ಡಿಯನ್ನು ಇವತ್ತೇ. ಆರ್‌ಸಿಸಿಬಿಯ ಮೇಲೆ ಟಿ ಎಂಬ ಪುಟ್ಟ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಾಯಿಸಿ. ಮಗು ತಪ್ಪು ಮಾಡಿ ಟ್ರಿಪ್ ಆದ ದಿನ ಬೈಯಬೇಡಿ. ಬೈದರೆ ಮುಂದಿನ ಸಲ ಅದು ಆರ್‌ಸಿಸಿಬಿಯನ್ನು ತಪ್ಪಿಸಿ ಬೇರೆ ಕಡೆಯಿಂದ ಲೈನ್ ಎಳೆದುಕೊಳ್ಳುತ್ತದೆ. ಪಿಯುಸಿ ಬಂತೆಂದು ಮೇಜನ್ನು ಮಡಚಿಡಬೇಡಿ, ಹೊತ್ತು ಕಡಿಮೆ ಮಾಡಿಸಿ, ಸಾಕು.

ಪ್ಯಾನೆಲಿನ ವೈರಿಂಗ್ ಚಿತ್ರವನ್ನು ಮಗುವಿನ ಕೈಯಲ್ಲೇ ಬರೆಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮುಚ್ಚಳದ ಒಳಮೈಗೆ ಅಂಟಿಸಿ. ಮೂರು ವರ್ಷದ ನಂತರ ಅದನ್ನು ಬಿಚ್ಚುವ ಎಲೆಕ್ಟ್ರಿಷಿಯನ್ ಬೇರೆಯವನಿರುತ್ತಾನೆ, ಮಗುವಿಗೂ ಯಾವ ತಂತಿ ಎಲ್ಲಿಗೆ ಹೋಗಿದೆಯೆಂದು ಮರೆತಿರುತ್ತದೆ. ಶಿವಮೊಗ್ಗದ ಸುತ್ತಮುತ್ತಲಿನವರಾದರೆ ತೂತು ಕೊರೆಯುವ ಮುಂಚೆ ಆ ಚಿತ್ರದೊಂದಿಗೆ ಮಗುವನ್ನೂ ಕರೆದುಕೊಂಡು ಬನ್ನಿ, ಕೂತು ನೋಡಿಕೊಡುತ್ತೇನೆ.



ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಲೆಕ್ಟ್ರಾನಿಕ್ಸ್ ಪ್ರಯೋಗಾಲಯ ಬೋಧಕಿ
ಶಿವಮೊಗ್ಗ